ಸರೋವರದ ಕೋಡಿಯಲ್ಲಿ ಒಂದು ಶನಿವಾರ

ಯುರೋಪ್ ಪ್ಯಾಕೇಜ್ ಟೂರ್‌ಗಳಲ್ಲಿ ಸ್ವಿಟ್ಜರ್‌ಲೆಂಡಿನ ಲ್ಯೂಸರ್ನ್‌ಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಬಸ್ಸು ಬಂಡೆಯಲ್ಲಿ ಕಡೆದ ಸಿಂಹದ ಹತ್ತಿರ ಇಳಿಸುತ್ತದೆ, ಮರದ ಸೇತುವೆಯ ಮೇಲೆ ಗುಂಪು ಫೋಟೊ ಆಗುತ್ತದೆ, ಉಳಿದ ಹೊತ್ತೆಲ್ಲ ಗಡಿಯಾರ ಮತ್ತು ಚಾಕಲೇಟ್ ಅಂಗಡಿಗಳ ಪಾಲು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಟಿಟ್ಲಿಸ್ ಬೆಟ್ಟದ ಹಿಮದ ಮೇಲೆ. ಈ ಊರು ಇಲ್ಲೇ ಯಾಕೆ ಹುಟ್ಟಿತು ಎಂದು ಕೇಳಿಕೊಳ್ಳಲೂ ಪುರುಸೊತ್ತಿರುವುದಿಲ್ಲ. ರಾಯ್ಸ್, ಮುವೊಟಾ, ಎಂಗೆಲ್‌ಬರ್ಗರ್ ಆ, ಸಾರ್ನರ್ ಆ ಎಂಬ ನಾಲ್ಕು ಹೊಳೆಗಳು ಬೆಟ್ಟಗಳಿಂದ ಇಳಿದು ಊರಿನ ಮುಂದಿನ ಸರೋವರ ಸೇರುತ್ತವೆ. ಹೊರಗೆ ಹೋಗುವುದು ರಾಯ್ಸ್ ಒಂದೇ. ಸುಮಾರು 114 ಚದರ ಕಿಲೋಮೀಟರ್ ಹರವಿನ ನೀರಿಗೆ ಇರುವ ಏಕೈಕ ಕೋಡಿಯ ಮೇಲೆ ಕಟ್ಟಿದ ಊರು ಲ್ಯೂಸರ್ನ್. ಸೇತುವೆ, ಗಿರಣಿ, ಕೋಟೆಗೋಡೆ, ಸಂತೆ ಎಲ್ಲವೂ ಆ ಕೋಡಿಯ ಲೆಕ್ಕದಲ್ಲೇ ಕೂತಿವೆ. ಹಾಗಾಗಿ ನೀರು ಹೋದ ದಿಕ್ಕಿಗೆ ಮೊದಲು ಇಳಿದು, ಬೆಟ್ಟದ ಬೆನ್ನಿನಲ್ಲಿ ವಾಪಸು ಬಂದು, ಸಂಜೆ ಸರೋವರಕ್ಕೆ ಹೊರಟರೆ ಒಂದು ದಿನ ಸರಿಯಾಗಿ ಹೊಂದುತ್ತದೆ.

ಜೂನ್ ಮಧ್ಯದ ಶನಿವಾರವನ್ನು ಆರಿಸಿಕೊಂಡದ್ದಕ್ಕೆ ಕಾರಣ ಎರಡು. ನದಿದಂಡೆಯ ಸಂತೆ ಮಂಗಳವಾರ ಮತ್ತು ಶನಿವಾರ ಬೆಳಗ್ಗೆ ಮಾತ್ರ. ಎರಡನೆಯದು, ಆಲ್ಪ್ಸ್‌ನ ಹಿಮ ಕರಗಿ ನೀರು ತುಂಬಿ ಬರುವ ಕಾಲ ಅದು.

ಬೆಳಗ್ಗೆ 7: ರೈಲಿಲ್ಲದ ಬಾಗಿಲು

ಜ್ಯೂರಿಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎಡಗಡೆಯ ಕಿಟಕಿ ಹಿಡಿಯಬೇಕು. ಮೊದಲು ಜ್ಯೂರಿಕ್ ಸರೋವರ, ಅದು ಮುಗಿದು ಸ್ವಲ್ಪ ಹೊತ್ತಿಗೆ ತ್ಸೂಗ್ ಸರೋವರ, ಎರಡೂ ಅದೇ ಬದಿಗೆ ಬರುತ್ತವೆ. ಲ್ಯೂಸರ್ನ್‌ನಲ್ಲಿ ಹಳಿಗಳು ಮುಗಿದೇ ಹೋಗುತ್ತವೆ. ಮುಂದಕ್ಕೆ ನಡೆದರೆ ಸೀದಾ ನೀರಿನ ಮುಂದೆ ನಿಲ್ಲುತ್ತೀರಿ. ದೊಡ್ಡ ಬ್ಯಾಗ್ ಇದ್ದರೆ ನಿಲ್ದಾಣದ ಲಾಕರ್‌ಗೆ ಹಾಕುವುದು ಒಳ್ಳೆಯದು. ಹಳೇ ಊರಿನ ಕಲ್ಲುಹಾಸಿನಲ್ಲಿ ಚಕ್ರದ ಸೂಟ್‌ಕೇಸ್ ಎಳೆದವರ ಗತಿ ನೋಡಲಾಗದು.

ನಿಲ್ದಾಣದ ಎದುರಿನ ಬಯಲಲ್ಲಿ ಒಂದು ಕಲ್ಲಿನ ಕಮಾನು ಒಂಟಿಯಾಗಿ ನಿಂತಿದೆ. 1896ರಲ್ಲಿ ಕಟ್ಟಿದ ಹಳೇ ನಿಲ್ದಾಣದ ಹೆಬ್ಬಾಗಿಲು ಅದು. 1971ರ ಫೆಬ್ರವರಿ 5ರಂದು ನಿಲ್ದಾಣ ಬೆಂಕಿಗೆ ಆಹುತಿಯಾಯಿತು, ಬಾಗಿಲು ಉಳಿಯಿತು. ಈಗ ಅದರಡಿ ಬಸ್ಸು ಕಾಯುವವರು ನಿಂತಿರುತ್ತಾರೆ. ಬಲಕ್ಕೆ ತಿರುಗಿದರೆ ಜಾನ್ ನೂವೆಲ್ ವಿನ್ಯಾಸದ ಕೆಕೆಎಲ್ ಸಂಗೀತ ಸಭಾಂಗಣ. ಕಟ್ಟಡವನ್ನು ಸರೋವರದೊಳಕ್ಕೇ ಚಾಚಬೇಕೆಂಬುದು ನೂವೆಲ್‌ರ ಆಸೆ. ಅದಕ್ಕೆ ಒಪ್ಪಿಗೆ ಸಿಗಲಿಲ್ಲ, ಅವರು ನೀರನ್ನೇ ಕಾಲುವೆ ಮಾಡಿ ಕಟ್ಟಡದೊಳಗೆ ತಂದರು. ಮುಂಚಾಚಿದ ಅಗಲವಾದ ಚಾವಣಿಯ ತಳಭಾಗದಲ್ಲಿ ಅಲೆಗಳ ಬೆಳಕು ಅಲ್ಲಾಡುತ್ತದೆ. ಬೆಳಗಿನ ಓರೆ ಬಿಸಿಲಿದ್ದಾಗ ಚಾವಣಿಯ ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಸಾಕು, ಐದು ನಿಮಿಷದ ಕೆಲಸ.

ಏಳೂವರೆ: ಸುಟ್ಟ ಸೇತುವೆ

ಕಪೆಲ್‌ಬ್ರೂಕೆಗೆ ಒಂಬತ್ತರೊಳಗೆ ಹೋಗಬೇಕು. ಹತ್ತಕ್ಕೆ ಬಸ್ಸುಗಳು ಬಂದವೆಂದರೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. 14ನೇ ಶತಮಾನದ ಸೇತುವೆ ಇದು, ಈಗಿನ ಉದ್ದ ಸುಮಾರು 200 ಮೀಟರ್. ಮೊದಲು ಇನ್ನೂ ಉದ್ದವಿತ್ತು, ದಡ ತುಂಬಿಸುತ್ತ ಬಂದ ಹಾಗೆ ಅದು ಮೊಟಕಾಯಿತು. ನದಿಯನ್ನು ನೇರ ದಾಟದೆ ಓರೆಯಾಗಿ, ನಡುವೆ ಮುರಿದುಕೊಂಡು ಹೋಗುತ್ತದೆ. ಅದು ದಾಟಲಿಕ್ಕೆಂದೇ ಕಟ್ಟಿದ್ದಲ್ಲ, ಕೋಟೆಯ ಭಾಗ. ಸರೋವರದ ಕಡೆಯ ಮರದ ತಡೆಗೋಡೆ ನದಿಯ ಕಡೆಯದಕ್ಕಿಂತ ಎತ್ತರ. ಶತ್ರು ದೋಣಿಯಲ್ಲಿ ಬರುವುದು ಆ ಕಡೆಯಿಂದ ತಾನೆ. ಎರಡೂ ಕಡೆ ಕೈಯಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಚಾವಣಿಯ ತೊಲೆಗಳ ನಡುವೆ ತ್ರಿಕೋನದ ಹಲಗೆಗಳಲ್ಲಿ 17ನೇ ಶತಮಾನದ ಚಿತ್ರಗಳಿವೆ. ಊರಿನ ಇತಿಹಾಸ ಮತ್ತು ರಕ್ಷಕ ಸಂತರಾದ ಲೆಯೊಡೆಗಾರ್, ಮೌರಿತ್ಸಿಯುಸ್‌ರ ಬದುಕು ಅವುಗಳ ವಸ್ತು. ಮೂಲೆಯಲ್ಲಿ ದುಡ್ಡು ಕೊಟ್ಟ ಮನೆತನದ ಲಾಂಛನ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುವ ಪದ್ಧತಿ ಅಲ್ಲೂ ಇತ್ತು ಎಂದಾಯಿತು. 1993ರ ಆಗಸ್ಟ್ 17–18ರ ನಡುವಿನ ರಾತ್ರಿ ಸೇತುವೆಗೆ ಬೆಂಕಿ ಬಿತ್ತು. ಸಿಗರೇಟಿನ ತುಂಡು ಎಂಬ ಅನುಮಾನವೇ ಇಂದಿಗೂ ಉಳಿದಿದೆ. ಎರಡು ತುದಿಗಳು ಉಳಿದವು, ನಡುಭಾಗ ಹೋಯಿತು. ಮರುವರ್ಷ ಏಪ್ರಿಲ್‌ನಲ್ಲೇ ಸೇತುವೆಯನ್ನು ಮತ್ತೆ ತೆರೆದರು. ಆದರೆ ಪೂರ್ತಿ ಸರಿಪಡಿಸಲು ಆದದ್ದು 30 ಚಿತ್ರಗಳು ಮಾತ್ರ. ಚಿತ್ರಗಳನ್ನು ನೋಡುತ್ತ ನಡೆದವರಿಗೆ ಇದ್ದಕ್ಕಿದ್ದಂತೆ ಖಾಲಿ ತ್ರಿಕೋನಗಳ ಸಾಲು ಎದುರಾಗುತ್ತದೆ. ನಕಲು ಬರೆಸಿ ಆ ಜಾಗ ತುಂಬಬಹುದಿತ್ತು. ಖಾಲಿ ಬಿಟ್ಟದ್ದೇ ಸರಿ ಅನಿಸುತ್ತದೆ.

ಪಕ್ಕದ ಎಂಟು ಮೂಲೆಯ ನೀರುಗೋಪುರ ಸೇತುವೆಗಿಂತ ಹಳೆಯದು, ಸುಮಾರು 34 ಮೀಟರ್ ಎತ್ತರ. ಖಜಾನೆ, ಸೆರೆಮನೆ, ಚಿತ್ರಹಿಂಸೆಯ ಕೋಣೆ ಎಲ್ಲವೂ ಆಗಿತ್ತು. ಒಳಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಅದರ ಮಾಡಿನಲ್ಲಿ ಆಲ್ಪೈನ್ ಬಾನಾಡಿಗಳು ಗೂಡು ಮಾಡುತ್ತವೆ. ತಲೆಯ ಮೇಲೆ ಕುಡುಗೋಲಿನ ಆಕಾರದಲ್ಲಿ ಸುಯ್ಯನೆ ಹಾಯುವುದು ಅವೇ.

ಎಂಟೂವರೆ: ಸಂತೆ

ಸೇತುವೆ ಇಳಿದರೆ ಬಲದಂಡೆಯ ಕಮಾನುಗಳ ಕೆಳಗೆ ಸಂತೆ ನೆರೆದಿರುತ್ತದೆ. ಜೂನ್‌ನಲ್ಲಿ ಸ್ಟ್ರಾಬೆರಿ ಸುಗ್ಗಿ, ಬಿಳಿ ಶತಾವರಿಯ ಕೊನೆಯ ದಿನಗಳು. ಹಣ್ಣನ್ನು ನಾವೇ ಮುಟ್ಟಿ ಆರಿಸುವ ಹಾಗಿಲ್ಲ. ಬೇಕಾದ್ದನ್ನು ತೋರಿಸಿದರೆ ಅವರೇ ತುಂಬಿ ಕೊಡುತ್ತಾರೆ. ನಮ್ಮ ಗುಂಪಿನವರೊಬ್ಬರು ಅಭ್ಯಾಸಬಲದಿಂದ ಟೊಮೆಟೊ ಅದುಮಿ ನೋಡಿ ಬೈಸಿಕೊಂಡದ್ದೂ ಆಯಿತು. ಮಧ್ಯಾಹ್ನವಾಗುತ್ತಲೇ ಅಂಗಡಿಗಳನ್ನೆಲ್ಲ ಕಿತ್ತು, ಜಾಗ ತೊಳೆದುಬಿಡುತ್ತಾರೆ.

ಮಧ್ಯಾಹ್ನದ ಊಟ ಇಲ್ಲೇ ಕಟ್ಟಿಸಿಕೊಳ್ಳುವುದು ಜಾಣತನ. ಹೋಟೆಲಿನಲ್ಲಿ ಒಂದು ಕಾಫಿಗೇ 5 ಫ್ರಾಂಕ್ ಆಸುಪಾಸು ಆಗುತ್ತದೆ, ನಲ್ಲಿ ನೀರಿಗೂ ಕೆಲವರು ದುಡ್ಡು ಹಾಕುತ್ತಾರೆ. ಒಂದು ಬ್ರೆಡ್ಡು, 200 ಗ್ರಾಂ ಗಟ್ಟಿ ಚೀಸ್, ಅರ್ಧ ಕಿಲೋ ಸ್ಟ್ರಾಬೆರಿ ಇದ್ದರೆ ಇಬ್ಬರಿಗೆ ಸಾಕು. ಕಟ್ಟಾ ಸಸ್ಯಾಹಾರಿಗಳು ಒಂದು ಮಾತು ಕೇಳಬೇಕು. ಇಲ್ಲಿನ ಸಾಂಪ್ರದಾಯಿಕ ಗಟ್ಟಿ ಚೀಸ್‌ಗಳಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ‘ಲಾಬ್’ನಿಂದ. ಆ ಪದ ಹೇಳಿದರೆ ಸಾಕು, ಚೀಸ್ ಮಾರುವಾಕೆಗೆ ಪ್ರಶ್ನೆ ಪೂರ್ತಿ ಅರ್ಥವಾಗುತ್ತದೆ. ನಾವು ಕೇಳಿದಾಕೆ ಗಾಲಿಯಂಥ ಮೂರು ಗಟ್ಟಿ ಚೀಸ್‌ಗಳ ಮೇಲೆ ಬೆರಳಾಡಿಸಿ ತಲೆಯಾಡಿಸಿ, ಕೊನೆಗೆ ಒಂದು ಮೆತ್ತನೆಯ ಚೀಸ್ ಮುಂದಿಟ್ಟರು. ಲ್ಯೂಸರ್ನ್‌ನ ಹೆಸರಾಂತ ತಿನಿಸು ಖ್ಯೂಗೆಲಿಪಾಸ್ಟೆಟೆ, ಪದರು ಪದರಾದ ಹಿಟ್ಟಿನ ಗುಮ್ಮಟದೊಳಗೆ ಮಾಂಸದ ಗುಂಡುಗಳು. ಅದು ಬೇಡವಾದವರಿಗೆ ಎಲ್‌ಪ್ಲರ್‌ಮಾಗ್ರೊನೆ ಇದೆ: ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಕೆನೆ, ಮೇಲೆ ಹುರಿದ ಈರುಳ್ಳಿ, ಪಕ್ಕಕ್ಕೆ ಬೇಯಿಸಿದ ಸೇಬಿನ ಗೊಜ್ಜು. ‘ಓನೆ ಶ್ಪೆಕ್’ ಎನ್ನಲು ಮರೆತರೆ ಹಂದಿಮಾಂಸದ ಚೂರು ಬಿದ್ದಿರುತ್ತದೆ. ಸಿಹಿಗೆ ಬೇಕರಿಯ ಲೇಬ್‌ಕೂಹೆನ್ ಇದೆ. ಪಿಯರ್ ಹಣ್ಣಿನ ಪಾಕ, ಕೆನೆ, ಮಸಾಲೆ ಹಾಕಿದ ಕಂದು ಕೇಕು, ಮೂರು ದಿನ ಇಟ್ಟರೂ ಕೆಡದು.

ನೀರಿಗೆ ಮಾತ್ರ ದುಡ್ಡು ಕೊಡಬೇಡಿ. ಚೌಕ ಚೌಕದಲ್ಲೂ ಕಾರಂಜಿಗಳಿವೆ. ‘ಕೈನ್ ಟ್ರಿಂಕ್‌ವಾಸರ್’ ಎಂಬ ಫಲಕ ಇರದಿದ್ದರೆ ಬಾಟಲಿ ಹಿಡಿಯಬಹುದು.

ಒಂಬತ್ತೂವರೆ: ಸೂಜಿಗಳ ಅಣೆಕಟ್ಟು

ಚಿತ್ತಾರದ ಗೋಡೆಗಳ ವೈನ್‌ಮಾರ್ಕ್ಟ್ ದಾಟಿ ಮ್ಯೂಲೆನ್‌ಪ್ಲಾಟ್ಸ್‌ಗೆ ಬರುವಾಗಲೇ ನೀರಿನ ಸದ್ದು ಕೇಳುತ್ತದೆ. ಬಸ್ಸಿನಿಂದಿಳಿದ ಗುಂಪುಗಳು ಇಲ್ಲಿಯವರೆಗೆ ಬರುವುದೇ ಅಪರೂಪ. ಲ್ಯೂಸರ್ನ್‌ನಲ್ಲಿ ಅರ್ಧ ಗಂಟೆ ಮಾತ್ರ ಇದ್ದರೂ ಅದನ್ನು ಕಳೆಯಬೇಕಾದ ಜಾಗ ಇದು.

ನದಿಗೆ ಅಡ್ಡಲಾಗಿ ಇರುವ ನಾಡೆಲ್‌ವೇರ್ ಎಂದರೆ ‘ಸೂಜಿ ಅಣೆ’. 1859–60ರಲ್ಲಿ ಕಟ್ಟಿದ್ದು. ಕರಾವಳಿಯ, ಮಲೆನಾಡಿನ ಓದುಗರಿಗೆ ಕಿಂಡಿ ಅಣೆಕಟ್ಟು ಗೊತ್ತೇ ಇದೆ. ಮಳೆ ನಿಂತ ಮೇಲೆ ಕಂಬಗಳ ಸೀಳುಗಳಿಗೆ ಹಲಗೆಗಳನ್ನು ಅಡ್ಡಡ್ಡ ಇಳಿಸಿ, ನಡುವೆ ಮಣ್ಣು ಜಡಿದು ನೀರು ನಿಲ್ಲಿಸುತ್ತೇವೆ. ಮುಂಗಾರಿಗೆ ಮುಂಚೆ ಕಿತ್ತುಬಿಡುತ್ತೇವೆ. ಇಲ್ಲಿ ಮರ ಅಡ್ಡ ಅಲ್ಲ, ಉದ್ದಕ್ಕೆ. ಉದ್ದನೆಯ ಮರದ ತೊಲೆಗಳನ್ನು ಒಂದರ ಪಕ್ಕ ಒಂದರಂತೆ ನಿಲ್ಲಿಸುತ್ತಾರೆ. ಬುಡ ನದಿತಳದ ಹೊಸ್ತಿಲಿಗೆ ಆನಿಸಿರುತ್ತದೆ, ತಲೆ ಮೇಲಿನ ಅಡ್ಡಪಟ್ಟಿಗೆ ಒರಗಿರುತ್ತದೆ. ಬಂದ ನೀರೇ ಅವನ್ನು ಒತ್ತಿ ಹಿಡಿಯುತ್ತದೆ, ಮೊಳೆ, ಬೋಲ್ಟು ಏನೂ ಬೇಡ. ಸರೋವರ ಏರಿದರೆ ಸೂಜಿಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ತೆಗೆಯುತ್ತಾರೆ, ಇಳಿದರೆ ಮತ್ತೆ ಹಾಕುತ್ತಾರೆ. ಅಡ್ಡ ಹಲಗೆಯಾದರೆ ಕೆಳಗಿನದನ್ನು ತೆಗೆಯಲು ಮೇಲಿನವನ್ನೆಲ್ಲ ತೆಗೆಯಬೇಕು. ಉದ್ದ ತೊಲೆಗೆ ಆ ಗೋಳಿಲ್ಲ, ಯಾವುದನ್ನು ಬೇಕಾದರೂ ಮೊದಲು ತೆಗೆಯಬಹುದು. ನೀರನ್ನು ಸಣ್ಣ ಸಣ್ಣ ಅಳತೆಯಲ್ಲಿ ಬಿಡಲು ಇದೇ ಅನುಕೂಲ.

ಜೂನ್‌ನಲ್ಲಿ ಹೆಚ್ಚಿನ ಸೂಜಿಗಳು ಹೊರಗಿದ್ದವು. ತಿಳಿಹಸಿರು ನೀರು ಗಾಜಿನ ಹಾಳೆಯಂತೆ ಬಾಗಿ, ಬಿದ್ದಲ್ಲಿ ಬೆಳ್ಳಗೆ ಒಡೆಯುತ್ತಿತ್ತು. ಪಕ್ಕದವರ ಮಾತು ಕೇಳಬೇಕಾದರೆ ಕಿವಿ ಹತ್ತಿರ ತರಬೇಕು. ಚಳಿಗಾಲದಲ್ಲಿ ಬಂದವರು ಸೂಜಿಗಳೆಲ್ಲ ಒಳಗಿರುವ ಅಣೆಯನ್ನು ಕಾಣುತ್ತಾರೆ. ಆಗ ಸರೋವರ ತೀರ ಇಳಿದರೆ ದೋಣಿಗಳು ಕಟ್ಟೆಗೆ ಹತ್ತಲಾಗದು, ನೀರು ಹಿಡಿಯುವುದೂ ಬಿಡುವಷ್ಟೇ ಮುಖ್ಯ. 2005ರ ಆಗಸ್ಟ್‌ನಲ್ಲಿ ದೊಡ್ಡ ನೆರೆ ಬಂದಾಗ ಈ ಅಣೆ ಬಿಡುವ ನೀರು ಸಾಲದಾಯಿತು. ಆಮೇಲೆ ಅಣೆಯನ್ನು ದುರಸ್ತಿ ಮಾಡಿ, ಬದಿಯಲ್ಲಿ ಯಂತ್ರದ ಬಾಗಿಲು ಸೇರಿಸಿದರು. ಸೂಜಿಗಳನ್ನು ಮಾತ್ರ ಬಿಡಲಿಲ್ಲ.

ಅಣೆಯ ಕೆಳಗಿರುವುದು ಇನ್ನೊಂದು ಮರದ ಸೇತುವೆ, ಶ್ಪ್ರೋಯರ್‌ಬ್ರೂಕೆ. ಶ್ಪ್ರೋಯ್ ಎಂದರೆ ಹೊಟ್ಟು. ಹಿಂದೆ ಈ ದಂಡೆಯಲ್ಲಿ ಹಿಟ್ಟಿನ ಗಿರಣಿಗಳಿದ್ದವು. ಊರಿನ ನೀರು ಕೆಡದಿರಲೆಂದು, ಎಲ್ಲಕ್ಕಿಂತ ಕೆಳಗಿರುವ ಈ ಸೇತುವೆಯಿಂದ ಮಾತ್ರ ಹೊಟ್ಟು ಸುರಿಯಲು ಅನುಮತಿ. ಸೇತುವೆ 1408ರ ಹೊತ್ತಿಗೆ ಪೂರ್ತಿಯಾದದ್ದು, 1566ರಲ್ಲಿ ನೆರೆಗೆ ಹೋಗಿ ಮತ್ತೆ ಕಟ್ಟಿದ್ದು. ನಡುವೆ ಸಣ್ಣದೊಂದು ಮೇರಿಯ ಗುಡಿ ಇದೆ. ಮಾಡಿನಲ್ಲಿ ಕಾಸ್ಪರ್ ಮೆಗ್ಲಿಂಗರ್ 1626ರಿಂದ 1635ರವರೆಗೆ ಬರೆದ ‘ಸಾವಿನ ಕುಣಿತ’ದ ಚಿತ್ರಗಳಿವೆ. 67ರಲ್ಲಿ 45 ಉಳಿದಿವೆ. ಪ್ರತಿ ಹಲಗೆಯಲ್ಲೂ ಎಲುಬುಗೂಡೊಂದು ಒಬ್ಬರ ಕೈ ಹಿಡಿದಿರುತ್ತದೆ. ರಾಜ, ಪಾದ್ರಿ, ವ್ಯಾಪಾರಿ, ಮದುಮಗಳು, ಯಾರಿಗೂ ವಿನಾಯಿತಿಯಿಲ್ಲ. ಹತ್ತಿರದ ಗಿರಣಿಗೆ ಧಾನ್ಯದ ಮೂಟೆ ಹೊತ್ತು ದಿನಾ ಇದರಡಿ ನಡೆದವರನ್ನು ನೆನೆಸಿಕೊಳ್ಳಿ. ಕಪೆಲ್‌ಬ್ರೂಕೆಗಿಂತ ಇಲ್ಲಿ ಚಿತ್ರಗಳು ತಲೆಗೆ ಹತ್ತಿರ, ಜನ ಕಡಿಮೆ.

ಹನ್ನೊಂದು: ಗೋಡೆ ಹತ್ತಿ

ದುಂಡಗಿನ ನ್ಯೋಲಿ ಗೋಪುರದ ಕಡೆಯಿಂದ ಏರು ಶುರು. ಮೂಸೆಗ್ ಕೋಟೆಗೋಡೆ ಸುಮಾರು 870 ಮೀಟರ್ ಉಳಿದಿದೆ, ಗೋಪುರ ಒಂಬತ್ತು. ಮೆನ್ಲಿ, ವಾಖ್ಟ್, ಝೀಟ್, ಶಿರ್ಮರ್ ಈ ನಾಲ್ಕಕ್ಕೆ ಹತ್ತಬಹುದು, ಟಿಕೆಟ್ ಇಲ್ಲ. ಚಳಿಗಾಲವಿಡೀ ಮುಚ್ಚಿರುತ್ತದೆ, ನವೆಂಬರ್‌ನಲ್ಲಿ ಬಂದು ಬಾಗಿಲು ತಟ್ಟಿ ಪ್ರಯೋಜನವಿಲ್ಲ. ಒಳಗಿನ ಮರದ ಮೆಟ್ಟಿಲು ಕಡಿದು, ಕತ್ತಲು. ಇಳಿಯುವವರು, ಹತ್ತುವವರು ಅದೇ ಕಿರಿದಾದ ಜಾಗದಲ್ಲಿ ಎದುರಾಗುತ್ತಾರೆ. ಮಂಡಿನೋವಿನ ಹಿರಿಯರಿಗೆ ಮೆನ್ಲಿ ಬೇಡ. ಗೋಡೆಯ ಹಿಂದಿನ ಹುಲ್ಲುಗಾವಲಲ್ಲಿ ಕೂತರೂ ನೋಟಕ್ಕೆ ಮೋಸವಿಲ್ಲ. ಕಣ್ಣು ಮುಚ್ಚುವಷ್ಟು ಜೂಲು ಬಿಟ್ಟ ಸ್ಕಾಟ್ಲೆಂಡ್ ತಳಿಯ ದನಗಳು ಅಲ್ಲಿ ಮೇಯುತ್ತವೆ, ನಗರದ ನಟ್ಟನಡುವೆ ಕೊರಳಗಂಟೆ ಕೇಳುತ್ತದೆ. ಕಟ್ಟಿ ತಂದ ಬುತ್ತಿ ಬಿಚ್ಚಲು ಇದೇ ಜಾಗ.

ಒಂದೇ ಗೋಪುರಕ್ಕೆ ಕಾಲಲ್ಲಿ ಶಕ್ತಿಯಿದ್ದರೆ ಝೀಟ್ ಹತ್ತಿ. 1535ರ ಗಡಿಯಾರ ಇಲ್ಲಿದೆ. ಸರೋವರದ ಮೇಲಿನ ಮೀನುಗಾರರಿಗೂ ಕಾಣಲೆಂದು ಅದರ ಅಂಕಿಗಳು ಅಷ್ಟು ದೊಡ್ಡವು. ಊರಿನ ಬೇರೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮುಂಚೆ ಗಂಟೆ ಹೊಡೆಯುವ ಹಕ್ಕು ಇದಕ್ಕಿದೆ. ಸರಿಯಾಗಿ ಹನ್ನೆರಡಕ್ಕೆ ಒಳಗಿರಬೇಕೆಂದು ಲೆಕ್ಕ ಹಾಕಿ ಹೋದವರು ತಪ್ಪಿಸಿಕೊಳ್ಳುವುದು ಇದೇ ನಿಮಿಷದಲ್ಲಿ. ನಾವು ಮೆಟ್ಟಿಲ ಮೇಲಿರುವಾಗಲೇ ಗೋಡೆ ನಡುಗಿತು. 11.55ಕ್ಕೇ ಮೇಲಿರಬೇಕು, ಚಿಕ್ಕ ಮಕ್ಕಳ ಕಿವಿ ಮುಚ್ಚಿಸಬೇಕು.

ಮೇಲಿನಿಂದ ಪಿಲಾಟುಸ್ ಬೆಟ್ಟ ಎದುರಿಗೇ. ಇಲ್ಲಿಯವರ ಹವಾಮಾನ ಇಲಾಖೆ ಅದೇ. ಶಿಖರಕ್ಕೆ ಮೋಡದ ಟೊಪ್ಪಿ ಇದ್ದರೆ ದಿನ ಒಳ್ಳೆಯದು, ಅಡ್ಡಕ್ಕೆ ಕತ್ತಿಯ ಹಾಗೆ ಮೋಡ ಚಾಚಿದ್ದರೆ ಮಳೆ ಎಂದು ಪ್ರಾಸಬದ್ಧ ಗಾದೆಯೇ ಇದೆ. ಹುಲ್ಲಿನ ಮೇಲೆ ನಾಯಿ ಹಿಡಿದು ಬಂದ ಅಜ್ಜ ಒಬ್ಬರು ಬೆಟ್ಟ ತೋರಿಸಿ, ಬೆರಳಿನಿಂದ ಗಾಳಿಯಲ್ಲಿ ಅಡ್ಡಗೆರೆ ಎಳೆದು, ನಮ್ಮ ಬರಿಗೈ ನೋಡಿ ನಕ್ಕು ಹೋದರು. ಮೊಬೈಲ್ ಆಗ ಸೂರ್ಯನ ಚಿತ್ರ ತೋರಿಸುತ್ತಿತ್ತು.

ಎರಡು: ಸಿಂಹ ಮತ್ತು ಅದರ ಹಿತ್ತಲು

ಶಿರ್ಮರ್ ಗೋಪುರದ ಕಡೆ ಇಳಿದು ಹತ್ತು ನಿಮಿಷ ನಡೆದರೆ ಲ್ಯೋವೆನ್‌ಪ್ಲಾಟ್ಸ್. 1792ರ ಆಗಸ್ಟ್ 10ರಂದು ಪ್ಯಾರಿಸ್‌ನ ತ್ವಿಲರಿ ಅರಮನೆಯಲ್ಲಿ ಫ್ರಾನ್ಸ್ ದೊರೆಯ ಕಾವಲಿಗಿದ್ದ ಸ್ವಿಸ್ ಸೈನಿಕರು ಸತ್ತರು. ಅವರ ನೆನಪಿಗೆ ಬಂಡೆಯಲ್ಲಿ ಕಡೆದ ಸಾಯುತ್ತಿರುವ ಸಿಂಹ ಇದು. ವಿನ್ಯಾಸ ಡೆನ್ಮಾರ್ಕಿನ ಬೆರ್ಟೆಲ್ ಥೋರ್ವಾಲ್ಡ್‌ಸೆನ್‌ರದು, ಕಡೆದವರು ಲೂಕಾಸ್ ಆಹೋರ್ನ್, ಅನಾವರಣ 1821ರಲ್ಲಿ. ಉದ್ದ 10 ಮೀಟರ್, ಎತ್ತರ 6. ಮುರಿದ ಈಟಿ ಪಕ್ಕೆಯಲ್ಲಿದೆ, ಪಂಜ ಫ್ರಾನ್ಸ್ ರಾಜಮನೆತನದ ಲಿಲ್ಲಿ ಹೂವಿನ ಗುರಾಣಿಯ ಮೇಲೆ. ಕೂಲಿಗೆ ಕಾದಾಡಲು ಹೋದವರು, ಪರದೇಶದ ರಾಜನಿಗಾಗಿ ಸತ್ತರು. ಗುರಾಣಿ ಯಾರದೆಂದು ನೋಡಿದರೆ ಕತೆ ಪೂರ್ತಿಯಾಗುತ್ತದೆ. ಗುಂಪುಗಳು ಅಲೆ ಅಲೆಯಾಗಿ ಬರುತ್ತವೆ. ಎರಡು ಬಸ್ಸುಗಳ ನಡುವೆ ಐದಾರು ನಿಮಿಷ ಮೌನ ಸಿಗುತ್ತದೆ, ಬೆಂಚಿನಲ್ಲಿ ಕಾದು ಕೂರಬೇಕು.

ಟಿಕೆಟ್ ಕೊಟ್ಟು ನೋಡುವುದಾದರೆ ಪಕ್ಕದ ಹಿಮನದಿ ಉದ್ಯಾನ ನೋಡಿ. 1872ರಲ್ಲಿ ವೈನ್ ನೆಲಮಾಳಿಗೆಗೆಂದು ಅಗೆಯುವಾಗ ಬಂಡೆಯಲ್ಲಿ ಬಾವಿಯಂಥ ಕುಳಿಗಳು ಸಿಕ್ಕವು. ಅತಿ ದೊಡ್ಡದು 9 ಮೀಟರಿಗಿಂತ ಆಳ. ಹಿಮನದಿಯಡಿ ಒತ್ತಡದಲ್ಲಿ ಸುಳಿದ ನೀರು, ಮರಳು, ಜಲ್ಲಿ ಕೊರೆದ ಕುಳಿಗಳವು. ಅದೇ ಬಂಡೆಯಲ್ಲಿ ಸುಮಾರು 2 ಕೋಟಿ ವರ್ಷ ಹಿಂದಿನ ತಾಳೆಗರಿಯ ಅಚ್ಚೂ ಇದೆ. ಈ ಊರು ಒಮ್ಮೆ ಬೆಚ್ಚಗಿನ ಸಮುದ್ರತೀರವಾಗಿತ್ತು. ಮಕ್ಕಳಿದ್ದರೆ ಕನ್ನಡಿಗಳ ಚಕ್ರವ್ಯೂಹವೂ ಅಲ್ಲೇ. ಹಣೆ ಬಡಿಸಿಕೊಳ್ಳದಿರಲು ಕೈ ಮುಂದೆ ಚಾಚಿ ನಡೆಯಬೇಕು.

ಸಂಜೆ: ಹಬೆಯ ದೋಣಿ

ಅಂದುಕೊಂಡ ಹಾಗೆ ಆಗದಿದ್ದದ್ದು ಒಂದು: ಶನಿವಾರ ಅಂಗಡಿಗಳು ಸಂಜೆ ಬೇಗನೇ ಬಾಗಿಲು ಹಾಕುತ್ತವೆ, ಭಾನುವಾರ ಬಹುತೇಕ ತೆರೆಯುವುದೇ ಇಲ್ಲ. ಊರಿಗೆ ಒಯ್ಯುವ ಚಾಕಲೇಟನ್ನು ದೋಣಿಯ ನಂತರಕ್ಕೆ ಇಟ್ಟುಕೊಂಡರೆ ನಿಲ್ದಾಣದ ನೆಲಮಾಳಿಗೆಯ ಅಂಗಡಿಗಳೇ ಗತಿ.

ದೋಣಿಕಟ್ಟೆ ನಿಲ್ದಾಣದ ಎದುರಿಗೇ ಇದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಬೇರೆ ಟಿಕೆಟ್ ಬೇಡ. ವೇಳಾಪಟ್ಟಿಯಲ್ಲಿ ಚಕ್ರದ ಗುರುತಿರುವುದನ್ನೇ ಹಿಡಿಯಿರಿ, ಅದು ಹಬೆಯ ದೋಣಿ. ಐದು ಇವೆ: ಊರಿ (1901), ಉಂಟರ್‌ವಾಲ್ಡೆನ್ (1902), ಶಿಲ್ಲರ್ (1906), ಗಾಲಿಯಾ (1913), ಶ್ಟಾಟ್ ಲುಟ್ಸೆರ್ನ್ (1928). ಉಂಟರ್‌ವಾಲ್ಡೆನ್‌ನ ಹೊಗೆಗೊಳವೆ, ಚಾಲಕನ ಕೋಣೆ ಕುಗ್ಗುತ್ತವೆ, ಆಲ್ಪ್‌ನಾಖ್‌ಶ್ಟಾಡ್ ದಾರಿಯ ತಗ್ಗು ಸೇತುವೆಯಡಿ ನುಸುಳಲಿಕ್ಕೆ. ಮೇಲಿನ ಅಂತಸ್ತು ಮೊದಲ ದರ್ಜೆ. ಫೋಟೊಗೆಂದು ಎರಡನೇ ದರ್ಜೆಯ ಟಿಕೆಟ್ ಹಿಡಿದು ಮೇಲೇರಿದವರನ್ನು ತಪಾಸಣೆಯವರು ಮರ್ಯಾದೆಯಿಂದಲೇ ಕೆಳಗಿಳಿಸುತ್ತಾರೆ. ನಷ್ಟವೇನಿಲ್ಲ, ನೋಡಬೇಕಾದ್ದು ಕೆಳಗೇ ಇದೆ.

ದೋಣಿಯ ನಡುವೆ ನೆಲ ತೆರೆದಿದೆ, ಕಟಕಟೆ ಹಿಡಿದು ಬಗ್ಗಿದರೆ ಇಂಜಿನ್ನು. ತೊಡೆಗಾತ್ರದ ಉಕ್ಕಿನ ತೋಳುಗಳು ಓರೆಯಾಗಿ ಮೇಲೆದ್ದು, ದಂಡವನ್ನು ತಿರುಗಿಸಿ, ಮತ್ತೆ ಒಳಗೆ ಸರಿಯುತ್ತವೆ. ಎರಡು ಬದಿಯ ಚಕ್ರಗಳು ಆ ದಂಡದ ತುದಿಗಳಲ್ಲೇ ಇವೆ. ಈಗ ಉರಿಸುವುದು ಕಲ್ಲಿದ್ದಲಲ್ಲ, ಎಣ್ಣೆ. ಬಿಸಿ ಎಣ್ಣೆಯ ವಾಸನೆಯ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯುತ್ತದೆ. ಎಣ್ಣೆ ಹಾಕುವವನು ತಿರುಗುತ್ತಿರುವ ಕೀಲನ್ನೇ ಅಂಗೈಯಿಂದ ಸವರಿ ಬಿಸಿ ನೋಡುತ್ತಿದ್ದ. ತೋಳು ದೂರ ಸರಿದ ಆ ಅರೆಕ್ಷಣದಲ್ಲಿ ಕೈ ಹೋಗಿ ಬರುತ್ತಿತ್ತು.

ವೆಗ್ಗಿಸ್ ತಲುಪುವ ಮುಂಚೆ ಅಜ್ಜನ ಅಡ್ಡಗೆರೆ ನಿಜವಾಯಿತು. ಮಳೆ ಸರೋವರದ ಮೇಲೆ ಗೋಡೆಯಂತೆ ನಡೆದು ಬಂತು, ಮೇಲಿನ ಅಂತಸ್ತಿನವರೆಲ್ಲ ಕೆಳಗೆ ಓಡಿದರು, ಇಂಜಿನ್ನಿನ ಸುತ್ತ ಜಾಗಕ್ಕೆ ನೂಕಾಟ. ಅಲ್ಲಿಗಿಂತ ಬೆಚ್ಚಗಿನ ಜಾಗ ದೋಣಿಯಲ್ಲಿಲ್ಲ. ಒಂದು ಗಂಟೆಗೆ ವಿಟ್ಸ್‌ನೌ ಬರುತ್ತದೆ. 1871ರಲ್ಲಿ ಶುರುವಾದ ಯುರೋಪಿನ ಮೊದಲ ಬೆಟ್ಟದ ರೈಲು ಅಲ್ಲಿಂದ ರೀಗಿಗೆ ಹತ್ತುತ್ತದೆ. ಒಂದೇ ದಿನದಲ್ಲಿ ಅದನ್ನೂ ತುರುಕಬೇಡಿ, ಮೋಡ ಕವಿದ ಮೇಲಂತೂ ಬೇಡವೇ ಬೇಡ. ಹಿಂದಿರುಗುವ ದೋಣಿ ಎಷ್ಟಕ್ಕೆಂದು ಮಾತ್ರ ಇಳಿಯುವ ಮುನ್ನವೇ ನೋಡಿಕೊಳ್ಳಿ, ಸಂಜೆಯ ದೋಣಿಗಳು ವಿರಳ.

ವಾಪಸು ಬರುವಾಗ ಮಳೆ ನಿಂತಿತ್ತು. ಜೂನ್‌ನಲ್ಲಿ ಕತ್ತಲಾಗಲು ಒಂಬತ್ತೂವರೆ ದಾಟಬೇಕು. ಕಪೆಲ್‌ಬ್ರೂಕೆ ಆಗ ಮತ್ತೆ ಖಾಲಿ, ಹಲಗೆಗಳು ಒದ್ದೆ, ಕೆಳಗೆ ನೀರು ಬೆಳಗ್ಗೆಗಿಂತ ಜೋರು. ಬೆಟ್ಟದ ಮೇಲಿನ ಗೋಡೆಯಿಂದ ಝೀಟ್ ಗಡಿಯಾರ ಒಂಬತ್ತು ಹೊಡೆಯಿತು. ಸೇತುವೆಯ ಮುರಿವಿನವರೆಗೆ ನಡೆಯುವಷ್ಟರಲ್ಲಿ ಉಳಿದ ಚರ್ಚುಗಳ ಗಂಟೆಗಳು ಶುರುವಾದವು.